ಮಾಡಿಫೈ ಮಾಡಿದ ಹಳೇ ಜೀಪ್: ಹಾಗೇ ಮಾರೋದಾ, ಮೊದಲಿನಂತೆ ಮಾಡಿ ಮಾರೋದಾ?

ಹಳೇ ವಿಲ್ಲಿಸ್ ಜೀಪಿಗೆ ಬೇರೆ ಎಂಜಿನ್, ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ), ದೊಡ್ಡ ಟೈರ್ ಎಲ್ಲ ಹಾಕಿಸಿದ್ದೀರಿ. ಈಗ ಮಾರಬೇಕು. ಹಾಗೇ ಕೊಟ್ಟರೆ ಹೊಸ ಖರ್ಚಿಲ್ಲ, ಆದರೆ ಗಿರಾಕಿ ಕಡಿಮೆ. ಕೊಡಚಾದ್ರಿ ಕಡೆ ಕೆಸರಲ್ಲಿ ಗಾಡಿ ಹತ್ತಿಸಿ ಗೊತ್ತಿದ್ದವರಷ್ಟೇ ವಿಂಚ್‌ಗೆ ಬೆಲೆ ಕಟ್ಟುತ್ತಾರೆ. ಉಳಿದವರು ಮೈಲೇಜ್ ಕೇಳಿ ಎದ್ದು ಹೋಗುತ್ತಾರೆ! ಹಾಕಿದ ದುಡ್ಡೆಲ್ಲ ವಾಪಸ್ ಬರುತ್ತೆ ಅನ್ನೋ ಆಸೆ ಬಿಡಿ.

ನಿಜವಾದ ತೊಡಕು ಆರ್‌ಸಿಯದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಿಸಿದ್ದು ಆರ್‌ಟಿಒ ದಾಖಲೆಗೆ ಬರಬೇಕು. ಚಾಸಿ, ಎಂಜಿನ್ ನಂಬರ್ ತಾಳೆಯಾಗದಿದ್ದರೆ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸುಮ್ನೆ ಸಹಿ ಹಾಕಿ ಏನು ಪ್ರಯೋಜನ?

ಮೊದಲಿನಂತೆ ಮಾಡಿಸಿದರೆ ಸಂಗ್ರಹಕಾರರೂ ಬರುತ್ತಾರೆ. 2021ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲದಂತೇ ಇರುವ ಗಾಡಿಗೆ 'ವಿಎ' ಅಕ್ಷರದ ವಿಂಟೇಜ್ ನಂಬರ್ ಸಿಗುತ್ತದೆ. ಅದನ್ನು ದಿನನಿತ್ಯ ಓಡಿಸುವಂತಿಲ್ಲ. ತೋಟಕ್ಕೆ ಗೊಬ್ಬರ ಹೊರೋರಿಗೆ ಅದ್ಯಾಕೆ ಬೇಕು, ಅಲ್ವಾ?

ಹಳೇ ಎಂಜಿನ್ ಕೊಟ್ಟಿಗೆಯಲ್ಲೇ ಇದ್ದು, ಹೊಸದೆಲ್ಲ ಬೋಲ್ಟ್ ಬಿಚ್ಚಿದರೆ ಬರುವಂಥದ್ದಾದರೆ ಮೊದಲಿನಂತೆ ಮಾಡಿಸಿ. ವಿಂಚ್, ಟೈರ್ ಬೇರೆಯಾಗಿ ಮಾರಿ. ಚಾಸಿ ಕತ್ತರಿಸಿ ವೆಲ್ಡ್ ಮಾಡಿಸಿದ್ದರೆ ಆ ಗೋಜು ಬೇಡ, ಇದ್ದದ್ದು ಇದ್ದಂತೆ ಹೇಳಿ ಕೊಡಿ.

ಯಾವುದೇ ದಾರಿಯಾದರೂ ತುಕ್ಕು ನೋಡಿ. ನಮ್ಮ ಮಳೆಗೆ ಮ್ಯಾಟ್ ಅಡಿಯ ತಗಡು ಮೊದಲು ಹೋಗುತ್ತದೆ. ಬಲ್ಲವರು ಬಾನೆಟ್ ತೆಗೆಯುವ ಮೊದಲೇ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್‌ನಿಂದ ಚುಚ್ಚುತ್ತಾರೆ.