ಎ3 ಫ್ಲಾಟ್‌ಬೆಡ್ ಸ್ಕ್ಯಾನರ್: ಡಿಪಿಐಗಿಂತ ಮೊದಲು ಸೆನ್ಸರ್ ನೋಡಿ

ಕಚೇರಿಗೆ ಎ3 ಸ್ಕ್ಯಾನರ್ ಕೊಳ್ಳುವಾಗ ಡಬ್ಬಿಯ ಮೇಲಿನ ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ) ಅಂಕಿಗೆ ಮರುಳಾಗಬೇಡಿ, ಪುಟದ ಚಿತ್ರ ಹಿಡಿಯುವ ಸೆನ್ಸರ್ ಯಾವುದೆಂದು ಕೇಳಿ: ಸಿಐಎಸ್ಸೋ, ಸಿಸಿಡಿಯೋ? ಗಾಜಿನ ಕೆಳಗೇ ಸೆನ್ಸರ್ ಇರುವ ಸಿಐಎಸ್ ಯಂತ್ರ ತೆಳ್ಳಗೆ, ಹಗುರ. ದೀಪ ಬಿಸಿಯಾಗಲೆಂದು ಕಾಯಬೇಕಿಲ್ಲ. ಬಿಡಿ ಹಾಳೆ, ನಕ್ಷೆಗಳಿಗೆ ಅಷ್ಟೇ ಸಾಕು. ಆದರೆ ಗಾಜಿಗೆ ಅಂಟಿ ಕೂತ ಕಾಗದ ಮಾತ್ರ ಅದಕ್ಕೆ ಸ್ಪಷ್ಟ. ದಪ್ಪ ಲೆಡ್ಜರ್ ಬಿಡಿಸಿ ಕವುಚಿ ಹಾಕಿದರೆ ಹೊಲಿಗೆಯ ಪಕ್ಕದ ಅಂಕಿಗಳು ಮಸುಕಾಗಿ ಕಪ್ಪು ನೆರಳಲ್ಲಿ ಮುಳುಗುತ್ತವೆ. ಅಂಥ ಕೆಲಸಕ್ಕೆ, ತೂಕ ಹೆಚ್ಚಾದರೂ, ಕನ್ನಡಿ, ಲೆನ್ಸ್ ಮೂಲಕ ಪುಟ ನೋಡುವ ಸಿಸಿಡಿಯೇ ಸರಿ.

300 ಡಿಪಿಐನಲ್ಲಿ ಬಣ್ಣದ ಎ3 ಪುಟ, ಕುಗ್ಗಿಸದಿದ್ದರೆ, ಸುಮಾರು 52 ಎಂಬಿ. 600ಕ್ಕೆ ಏರಿಸಿದರೆ ಎರಡಲ್ಲ, ನಾಲ್ಕು ಪಟ್ಟು! ಮಾಮೂಲಿ ಪತ್ರಗಳಿಗೆ 300 ಧಾರಾಳ.

ಹೊಸ ಯಂತ್ರ ಕರಕರ ಸದ್ದು ಮಾಡಿ ನಿಂತರೆ, ವಾಪಸು ಕಳಿಸುವ ಮುನ್ನ ಸಾಗಣೆಯ ಲಾಕ್ (ದಾರಿಯಲ್ಲಿ ಒಳಭಾಗ ಅಲುಗದಂತೆ ಹಾಕಿದ ಚಿಲಕ) ತೆಗೆದಿದ್ದೀರಾ ನೋಡಿ.