ಎರಡು ವಿಮಾನ ನಿಲ್ದಾಣ, ಐದು ಅಳತೆ

ಲಂಡನ್ನಿನ ಹೀಥ್ರೂನಿಂದ ನ್ಯೂಯಾರ್ಕಿನ ಜೆಎಫ್‌ಕೆಗೆ ಎಷ್ಟು ದೂರ, ಎಷ್ಟು ಹೊತ್ತು? ಈ ಒಂದೇ ಪ್ರಶ್ನೆಗೆ ಐದು ಬಗೆಯಲ್ಲಿ ಉತ್ತರ ಹುಡುಕಿದೆ. ಐದೂ ಬೇರೆ ಬೇರೆ ಬಂದವು.

ಮೊದಲು ಗೋಡೆಯ ನಕ್ಷೆ, ಕೈಯಲ್ಲೊಂದು ಸ್ಕೇಲು. ನಕ್ಷೆ ಮರ್ಕೇಟರ್ ಬಗೆಯದು, ಅಂದರೆ ಗುಂಡಗಿನ ಭೂಮಿಯನ್ನು ಆಯತಾಕಾರದ ಹಾಳೆಗೆ ಹರಡಿದ್ದು. ಸಮಭಾಜಕದ ಅಳತೆ ಹಿಡಿದು ಲೆಕ್ಕ ಹಾಕಿದರೆ ಸುಮಾರು 8,300 ಕಿ.ಮೀ. ಬಂತು! ಧ್ರುವದ ಕಡೆ ಹೋದಷ್ಟೂ ಈ ನಕ್ಷೆ ಹಿಗ್ಗುತ್ತದೆ. ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದಾಗಿ ಕಾಣುವುದೂ ಅದಕ್ಕೇ. ಸ್ಕೇಲು ಕೆಳಗಿಟ್ಟೆ.

ಆಮೇಲೆ 30 ಸೆಂ.ಮೀ. ವ್ಯಾಸದ ಗ್ಲೋಬು, ಒಂದು ತುಂಡು ನೂಲು. ಈ ಗ್ಲೋಬಿನಲ್ಲಿ 1 ಸೆಂ.ಮೀ. ಎಂದರೆ ಸುಮಾರು 425 ಕಿ.ಮೀ. ನೂಲನ್ನು ಬಿಗಿಯಾಗಿ ಎಳೆದಾಗ 13 ಸೆಂ.ಮೀ., ಅಂದರೆ 5,500ರ ಆಸುಪಾಸು. ನೂಲು ತಾನಾಗಿಯೇ ಐರ್ಲೆಂಡಿನ ಮೇಲೆ ಹಾದು ನ್ಯೂಫೌಂಡ್‌ಲ್ಯಾಂಡ್ ಮುಟ್ಟಿ ಕೆಳಗಿಳಿಯಿತು. ಒಂದು ಮಿಲಿಮೀಟರ್ ಜಾರಿದರೆ 42 ಕಿ.ಮೀ. ಹೋಯಿತು, ಅದೊಂದು ತೊಂದರೆ. ಆದರೂ ಐದರಲ್ಲಿ ನನಗೆ ಖುಷಿ ಕೊಟ್ಟದ್ದು ಇದೇ.

ಆನ್‌ಲೈನ್ ಕ್ಯಾಲ್ಕುಲೇಟರುಗಳು ದೂರದ ಮಟ್ಟಿಗೆ ನಂಬಿಗಸ್ತವು. ಭೂಮಿಯನ್ನು ಸರಿಯಾದ ಗೋಳ ಎಂದುಕೊಂಡರೆ 5,540 ಕಿ.ಮೀ.; ಧ್ರುವಗಳಲ್ಲಿ ಚಪ್ಪಟೆ ಎಂಬುದನ್ನೂ ಲೆಕ್ಕಕ್ಕೆ ತಂದರೆ ಸುಮಾರು 15 ಕಿ.ಮೀ. ಹೆಚ್ಚು. ಸಮಯಕ್ಕೆ ಬಂದಾಗ ಮಾತ್ರ ಅವು ಬರೀ ಭಾಗಾಕಾರ ಮಾಡುತ್ತವೆ. ಗಂಟೆಗೆ 900 ಕಿ.ಮೀ. ವೇಗ ಹಿಡಿದರೆ 6 ಗಂಟೆ 10 ನಿಮಿಷ, ಹೋಗುವಾಗಲೂ ಅಷ್ಟೇ, ಬರುವಾಗಲೂ ಅಷ್ಟೇ. ಗಾಳಿಯೇ ಇಲ್ಲದ ಆಕಾಶ!

ಟೈಂಟೇಬಲ್ ತೆರೆದರೆ ಪಶ್ಚಿಮಕ್ಕೆ ಸುಮಾರು 8 ಗಂಟೆ, ಪೂರ್ವಕ್ಕೆ ಸುಮಾರು 7. ಅಟ್ಲಾಂಟಿಕ್ ಮೇಲಿನ ಜೆಟ್ ಸ್ಟ್ರೀಮ್ ಎಂಬ ಎತ್ತರದ ಬಿರುಸು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಹೋಗುವಾಗ ಎದುರುಗಾಳಿ, ಬರುವಾಗ ಹಿಂಗಾಳಿ. ಮೇಲಾಗಿ ಇದು ಗೇಟು ಬಿಟ್ಟಲ್ಲಿಂದ ಗೇಟು ಸೇರುವ ತನಕದ ಲೆಕ್ಕ. ರನ್‌ವೇಗಾಗಿ ಸಾಲಿನಲ್ಲಿ ಕಾಯುವುದೂ ಅದರಲ್ಲೇ ಸೇರಿದೆ. ಆದರೆ ಹೊರಡುವ ಹೊತ್ತು, ತಲುಪುವ ಹೊತ್ತು ಎರಡೂ ಆಯಾ ಊರಿನ ಗಡಿಯಾರದವು. ಐದು ಗಂಟೆಯ ಅಂತರ ಎಂದು ಕಳೆದು ಕೂಡಿಸಿದ ನನಗೆ ಒಂದು ಗಂಟೆ ಹೊಂದಲೇ ಇಲ್ಲ. ಆಗ ಮಾರ್ಚ್ ನಡುವಿನ ದಿನಗಳು. ಅಮೆರಿಕ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಾಗಿತ್ತು, ಬ್ರಿಟನ್ ಇನ್ನೂ ಇಟ್ಟಿರಲಿಲ್ಲ. ಆ ಕೆಲವು ವಾರ ಅಂತರ ನಾಲ್ಕೇ ಗಂಟೆ.

ಕೊನೆಗೆ ಫ್ಲೈಟ್ ಟ್ರ್ಯಾಕರ್, ಅಂದರೆ ವಿಮಾನಗಳ ಜಾಡು ತೋರಿಸುವ ತಾಣ. ನಿಜವಾಗಿ ಹಾರಿದ ದಾರಿ ಇಲ್ಲಿ ಸಿಗುತ್ತದೆ, ಮತ್ತು ಅದು ನೂಲಿನ ಗೆರೆಯಲ್ಲ: ಸಾಗರದ ಮೇಲಿನ ದಾರಿಗಳನ್ನು ಗಾಳಿ ನೋಡಿ ದಿನವೂ ಹೊಸದಾಗಿ ಹಾಕುತ್ತಾರೆ, ಹೀಥ್ರೂ ಬಳಿ ಸುತ್ತು ಹೊಡೆಯುತ್ತಾ ಕಾಯಬೇಕಾಗಿಯೂ ಬರಬಹುದು. ಒಂದು ದಿನದ ಹಾರಾಟ ನೋಡಿ ತೀರ್ಮಾನಿಸುವ ಹಾಗಿಲ್ಲ. 2020ರ ಫೆಬ್ರವರಿಯಲ್ಲಿ ಬಿರುಗಾಳಿ ಬೆನ್ನಿಗೆ ಸಿಕ್ಕ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 5 ಗಂಟೆಯೊಳಗೇ ಬಂದಿಳಿದಿತ್ತು. ಅದನ್ನು ನೆಚ್ಚಿ ಲಂಡನ್ನಿನಿಂದ ಮುಂದಕ್ಕೆ ಹೋಗುವ ವಿಮಾನದ ಟಿಕೆಟ್ ತೆಗೆದವರು ಓಡಬೇಕಾದೀತು. ಹಾಗಾಗಿ ಒಂದೇ ನಂಬರಿನ ವಿಮಾನದ ಏಳೆಂಟು ದಿನದ ಹಾರಾಟ ಪಕ್ಕಪಕ್ಕ ಇಟ್ಟು, ಅದರಲ್ಲಿ ಅತಿ ತಡವಾದದ್ದನ್ನೇ ನಾನು ಬರೆದುಕೊಳ್ಳುತ್ತೇನೆ.