ಮುಷರಫ್ ಓದಲಾ, ಬೆನಜೀರ್ ಓದಲಾ?

ಪಾಕಿಸ್ತಾನದ ಸೇನಾ ಕ್ರಾಂತಿಗಳ ಬಗ್ಗೆ ಒಂದೇ ಆತ್ಮಕಥೆ ಓದುವಷ್ಟು ಪುರುಸೊತ್ತಿದ್ದರೆ ಯಾವುದು? ಮುಷರಫ್ ಅವರ 'ಇನ್ ದ ಲೈನ್ ಆಫ್ ಫೈರ್' (2006) ಅಧಿಕಾರ ಹಿಡಿದವರ ಪುಸ್ತಕ. ಬೆನಜೀರ್ ಭುಟ್ಟೋ ಅವರ 'ಡಾಟರ್ ಆಫ್ ದ ಈಸ್ಟ್' (1988) ಕಳೆದುಕೊಂಡವರದ್ದು.

ಸುಮ್ನೆ ರೋಚಕತೆ ಬೇಕಿದ್ದರೆ ಮುಷರಫ್. 1999ರ ಅಕ್ಟೋಬರ್ 12ರಂದು ಆಗ ಸೇನಾ ಮುಖ್ಯಸ್ಥರಾಗಿದ್ದ ಮುಷರಫ್ ಕೊಲಂಬೊದಿಂದ ಬರುತ್ತಿದ್ದ ವಿಮಾನಕ್ಕೆ ಕರಾಚಿಯಲ್ಲಿ ಇಳಿಯಲು ಬಿಡುವುದಿಲ್ಲ. ಇಂಧನ ಮುಗಿಯುತ್ತಾ ಬರುತ್ತದೆ. ಕೆಳಗೆ ಸೇನೆ ವಿಮಾನ ನಿಲ್ದಾಣವನ್ನು ವಶಕ್ಕೆ ತೆಗೆದುಕೊಳ್ಳುತ್ತದೆ. ಥೇಟ್ ಸಿನಿಮಾ! ಆದರೆ ಕ್ರಾಂತಿ ಮಾಡಿದ್ದು ನನ್ನನ್ನು ವಜಾ ಮಾಡಿದ ಪ್ರಧಾನಿ ನವಾಜ್ ಷರೀಫ್, ನಾನು ಮಾಡಿದ್ದು ಅದಕ್ಕೆ ಪ್ರತಿಯಾಗಿ ಅಷ್ಟೇ ಅನ್ನುವುದು ಅವರ ವಾದ. ಚುನಾಯಿತ ಪ್ರಧಾನಿಯನ್ನು ಇಳಿಸಿದವರು ಹೀಗೆ ಹೇಳದೆ ಇನ್ನೇನು ಹೇಳ್ತಾರೆ, ಅಲ್ವಾ? ಕಾರ್ಗಿಲ್ ಅಧ್ಯಾಯವನ್ನಂತೂ ನಮ್ಮವರು ಹಲ್ಲು ಕಚ್ಚಿಕೊಂಡೇ ಓದಬೇಕು.

ಬೆನಜೀರ್ ಪುಸ್ತಕ ನಿಧಾನ, ಆದರೆ ಹೆಚ್ಚು ಕಾಡುತ್ತದೆ. ಶುರುವಾಗುವುದೇ 1979ರ ಏಪ್ರಿಲ್ 4ರ ನಸುಕಿನಲ್ಲಿ, ಅಪ್ಪ, ಮಾಜಿ ಪ್ರಧಾನಿ ಜುಲ್ಫಿಕರ್ ಅಲಿ ಭುಟ್ಟೋ ಅವರನ್ನು ರಾವಲ್ಪಿಂಡಿ ಜೈಲಿನಲ್ಲಿ ಗಲ್ಲಿಗೇರಿಸಿದ ಸುದ್ದಿಯಿಂದ. 1977ರ ಜುಲೈ 5ರಂದು ಸೇನಾ ಮುಖ್ಯಸ್ಥ ಜಿಯಾ ಉಲ್ ಹಕ್ ಭುಟ್ಟೋ ಅವರನ್ನು ಇಳಿಸಿ ಅಧಿಕಾರ ಹಿಡಿದ ಮೇಲೆ ಒಂದು ಮನೆತನಕ್ಕೆ ಏನೇನಾಯಿತು ಅನ್ನುವುದು ಕಣ್ಣಿಗೆ ಕಟ್ಟುತ್ತದೆ. ಸುಕ್ಕೂರ್ ಜೈಲಿನ ಒಂಟಿ ಸೆಲ್, ಸಿಂಧ್‌ನ ಸುಡುಬೇಸಿಗೆ ಮರೆಯುವಂಥದ್ದಲ್ಲ. ಅಪ್ಪನ ಮೇಲಿನ ಅಭಿಮಾನ ಮಾತ್ರ ಸ್ವಲ್ಪ ಜಾಸ್ತಿಯೇ. 1971ರಲ್ಲಿ ಬಾಂಗ್ಲಾದೇಶ ಬೇರೆಯಾದ ವಿಷಯದಲ್ಲಿ ಅವರ ಮಾತನ್ನು ಪೂರ್ತಿ ನಂಬಬೇಡಿ.

ನನ್ನನ್ನು ಕೇಳಿದರೆ ಮೊದಲು ಬೆನಜೀರ್. ಮುಷರಫ್ ಪುಸ್ತಕದಲ್ಲಿ ವಿಮಾನದ ಭಾಗ ಓದಿದರೆ ಸಾಕು, ಆಡಳಿತದ ಸಾಧನೆಗಳ ಪಟ್ಟಿಯನ್ನು ಹಾರಿಸಿದರೂ ನಷ್ಟವಿಲ್ಲ.